ಚಮನಸಾಬರ ಮನೆಯ ನೆರಳು

ಜೋರಾಪುರ ಪೇಟೆ, ವಿಜಯಪುರ
ಮೇ ೧೯, ೨೦೨೪, ಭಾನುವಾರ

ಮಮದಾಪುರದಲ್ಲಿ ಅಕ್ಕನ ಮನೆಯ ಕಟ್ಟೆ ಹಿಡಿದು ಕೂತಿರುವ ಅಜಿತ ಅವರಿಗೆ,

ಮದುವೆಯಾದಾಗಿನಿಂದ ನಿಮ್ಮ ಹೆಸರನ್ನು ನಾನು ಬಾಯಿಬಿಟ್ಟು ಕರೆದದ್ದಿಲ್ಲ. "ರೀ" ಅಂದರೆ ಸಾಕಿತ್ತು, ನೀವು ತಿರುಗುತ್ತಿದ್ದಿರಿ. ಕಾಗದದ ಮೇಲೆ "ರೀ" ಎಂದು ಬರೆದು ಕಳಿಸಿದರೆ ಮಮದಾಪುರದ ಗಂಡಸರೆಲ್ಲ ತಿರುಗಿ ನೋಡಿಯಾರು ಎಂದು ಹೆಸರನ್ನೇ ಬರೆದಿದ್ದೇನೆ. ಬರೆದ ಮೇಲೆ ನೋಡಿದರೆ ಚೆನ್ನಾಗಿಯೇ ಕಾಣುತ್ತದೆ.

ಈ ಕಾಲದಲ್ಲಿ ಪತ್ರ ಯಾರು ಬರೆಯುತ್ತಾರೆ ಎಂದು ನಗಬೇಡಿ. ಫೋನಿನಲ್ಲಿ ನಮ್ಮಿಬ್ಬರ ಮಾತು ಹೇಗಿರುತ್ತದೆಂದು ನಿಮಗೇ ಗೊತ್ತು. ನಾನು "ಊಟ ಆತೇನ್ರಿ" ಅನ್ನುತ್ತೇನೆ, ನೀವು "ಹೂಂ" ಅನ್ನುತ್ತೀರಿ, ನಾನು "ಏನ್ ಹೂಂ" ಅನ್ನುತ್ತೇನೆ, ಅಲ್ಲಿಗೆ ಜಗಳ ಶುರು. ಕಾಗದವಾದರೆ ನಡುವೆ ಬಾಯಿ ಹಾಕಲು ಬರುವುದಿಲ್ಲ, ಪೂರ್ತಿ ಓದಲೇಬೇಕು. ಬಬಲೇಶ್ವರದ ಟಂಟಂ ಆಟೋ ಸ್ಟ್ಯಾಂಡಿನಲ್ಲಿ ನಿಮ್ಮ ಕೈಗೇ ಮುಟ್ಟಿಸುತ್ತೇನೆಂದು ನಿಮ್ಮ ಗೆಳೆಯ ರಿಜ್ವಾನ ಮಾತು ಕೊಟ್ಟಿದ್ದಾನೆ. ಜೊತೆಗೆ ಒಂದು ಪೊಟ್ಟಣ ಒಣದ್ರಾಕ್ಷಿ ಇದೆ. ಅದು ಎಲ್ಲಿ ಒಣಗಿದ್ದು ಎಂಬುದನ್ನು ಆಮೇಲೆ ಹೇಳುತ್ತೇನೆ, ತಿನ್ನುತ್ತ ಓದಿ.

ನಿಮ್ಮ ಅವ್ವ ಗಟ್ಟಿಯಾಗಿದ್ದಾರೆ. ಕೆಮ್ಮು ಕಡಿಮೆಯಾಗಿದೆ, ಬಾಯಿ ಕಡಿಮೆಯಾಗಿಲ್ಲ. ಪತ್ರ ಬರೆಯುತ್ತಿದ್ದೇನೆ, ನಿಮ್ಮದೇನು ಬರೆಯಲಿ ಎಂದು ಕೇಳಿದೆ. "ಸೋನಾಬಾಯಿ ಇನ್ನೂ ಜೀವಂತ ಅದಾಳ ಅಂತ ಬರಿ. ಮಮದಾಪುರದ ಕೆರಿ ಎಲ್ಲೂ ಓಡಿ ಹೋಗೂದಿಲ್ಲ, ನೋಡಿದ್ದು ಸಾಕು, ಮನಿಗಿ ಬಾ ಅಂತ ಬರಿ," ಅಂದರು. ಬರೆದಿದ್ದೇನೆ.

ಈಗ ಆ ದಿನದ ಮಾತಿಗೆ ಬರುತ್ತೇನೆ. ಯುಗಾದಿಗೆ ಮುಂಚೆ ಓಣಿಯ ನೀರಿನ ಟಾಕಿಯ ಹತ್ತಿರ ಸಭೆ ಸೇರಿದ್ದೆವಲ್ಲ. ಪಕ್ಕದ ಮನೆಯ ಚಮನಸಾಬರ ಮೊಮ್ಮಗಳು ಸುರೈಯಾ, ಇಂಜಿನಿಯರಿಂಗ್ ಓದಿ ಸೌರಶಕ್ತಿಯ ಕೆಲಸಕ್ಕೆ ಸೇರಿದವಳು, ನಮ್ಮ ಓಣಿ ತನಗೆ ಬೇಕಾದ ಕರೆಂಟನ್ನು ತಾನೇ ಮಾಡಿಕೊಳ್ಳಬಹುದು ಎಂದು ಹೇಳುತ್ತಿದ್ದಳು. ಬೀದಿದೀಪ, ನೀರಿನ ಪಂಪು, ಹಿಟ್ಟಿನ ಗಿರಣಿ, ಟಂಟಂಗಳು, ಎಲ್ಲವೂ ಬಿಸಿಲಿನ ಮೇಲೆ ನಡೆಯಬೇಕು. ಒಂದು ಓಣಿ ಮಾಡಿದರೆ ಪೇಟೆ ಮಾಡುತ್ತದೆ, ಪೇಟೆ ಮಾಡಿದರೆ ಊರು ಮಾಡುತ್ತದೆ, ವಿಜಯಪುರ ಆಕಾಶಕ್ಕೆ ಬಿಡುವ ಹೊಗೆಯೆಲ್ಲ ಒಂದು ದಿನ ನಿಲ್ಲುತ್ತದೆ ಎಂದಳು. ಹೇಳುವಾಗ ಅವಳ ಕಣ್ಣುಗಳು ಎಲ್ಲೋ ದೂರ ನೆಟ್ಟಿದ್ದವು. ಎಲ್ಲಿಂದ ಶುರು ಮಾಡೋಣ ಎಂದು ಅವಳು ಕೇಳಿದಳು. ನಾನು ಎದ್ದು ನಿಂತು, "ನಮ್ಮನಿ ಟಂಟಂದಿಂದ ಶುರು ಮಾಡ್ರಿ. ಓಣ್ಯಾಗ ಎಲ್ಲಾಕಿಂತ ಹೆಚ್ಚ ಹೊಗಿ ಉಗಳೂದು ಅದ," ಅಂದೆ. ಎಲ್ಲರೂ ನಕ್ಕರು. ನೀವು ನಗಲಿಲ್ಲ. ಮರುದಿನ ಚಹಾ ಕುಡಿದು, ಟಂಟಂ ಚಾಲೂ ಮಾಡಿ, ಅಕ್ಕನನ್ನು ನೋಡಿ ಬರುತ್ತೇನೆಂದು ಹೋದವರು ಬಾಬಾಸಾಹೇಬರ ಭೀಮ ಜಯಂತಿಗೂ ಬರಲಿಲ್ಲ.

ಹೇಳಿದ ಮಾತು ಸುಳ್ಳಲ್ಲ, ಹಿಂದೆ ತೆಗೆದುಕೊಳ್ಳುವುದೂ ಇಲ್ಲ. ನಿಮ್ಮ ಸಿಟ್ಟು ನನ್ನೊಬ್ಬಳ ಮೇಲಲ್ಲ ಎಂಬುದು ಮಾತ್ರ ನನಗೆ ತಡವಾಗಿ ಹೊಳೆಯಿತು. ನಿಮ್ಮ ಅಪ್ಪ ರಾಯಪ್ಪ ಟಾಂಗಾ ಹೊಡೆಯುತ್ತಿದ್ದವರು. ಟಂಟಂ ಬಂದು, ಟಾಂಗಾಕ್ಕೆ ಜನ ಹತ್ತುವುದನ್ನು ಬಿಟ್ಟಾಗ ಕುದುರೆ ಮಾರಿದರು. ಆಮೇಲೂ ದಿನಾ ಬೆಳಿಗ್ಗೆ ತಲೆಗೆ ಪಟಗಾ ಸುತ್ತಿಕೊಂಡು, ಬರಿಗೈಯಲ್ಲಿ ಟಾಂಗಾ ಸ್ಟ್ಯಾಂಡಿಗೆ ಹೋಗಿ ಕೂತು ಬರುತ್ತಿದ್ದರಂತೆ. ನೀವೇ ಹೇಳಿದ್ದು. ಇಂಜಿನ್ನಿನ ಸದ್ದು ಕೇಳಿಯೇ ಅದರ ಯಾವ ಭಾಗಕ್ಕೆ ಬೇನೆ ಎಂದು ಹೇಳುವವರು ನೀವು. ಸದ್ದೇ ಇಲ್ಲದ ಗಾಡಿ ಬಂದರೆ ಆ ಕಿವಿ ಏನು ಮಾಡಬೇಕು? ತಾನೂ ಅಪ್ಪನ ಹಾಗೆ ಬರಿಗೈಯಲ್ಲಿ ಸ್ಟ್ಯಾಂಡಿನಲ್ಲಿ ಕೂರುವ ದಿನ ಬಂತೇನೋ ಎಂದು ನಿಮಗೆ ಹೆದರಿಕೆಯಾಗಿದೆ. ಬಾಯಿಬಿಟ್ಟು ಹೇಳಿದ್ದರೆ ನಾನು ಕೇಳುತ್ತಿದ್ದೆನೋ ಇಲ್ಲವೋ, ಈಗ ಕೇಳುತ್ತೇನೆ.

ನೀವು ಹೋದ ಮೇಲೆ ನಮ್ಮ ಮಾಳಿಗೆಯ ಮೇಲೆ ಏನೇನು ನಡೆಯಿತು ಎಂಬುದನ್ನು ಹೇಳಿದರೆ ನೀವು ನಂಬುವುದಿಲ್ಲ.

ನಮ್ಮ ಓಣಿಯ ಹೆಂಗಸರ ರೂಢಿ ನಿಮಗೆ ಗೊತ್ತಿದ್ದದ್ದೇ. ಬೇಸಿಗೆಯಲ್ಲಿ ಸಂಡಿಗೆ, ಶಾವಿಗೆ, ಹಪ್ಪಳದ ಕಾಲ ಬಂತೆಂದರೆ, ಯಾರ ಮಾಳಿಗೆಗೆ ಬಿಸಿಲು ಕಡಿಮೆಯೋ ಅವರು ಬಿಸಿಲು ಹೆಚ್ಚಿದ್ದವರ ಬಾಗಿಲಲ್ಲಿ ನಿಂತು, "ಇವತ್ತ ನಿಮ್ಮ ಬಿಸಲ ಕೊಡ್ತೀರೇನ್ರಿ?" ಎಂದು ಕೇಳುತ್ತಾರೆ. ಇಲ್ಲ ಅನ್ನುವ ಹಾಗಿಲ್ಲ. ಒಣಗಿದ್ದನ್ನು ಒಯ್ಯುವಾಗ ಒಂದು ಬೊಗಸೆ ಆ ಮನೆಯಲ್ಲಿ ಬಿಟ್ಟು ಹೋಗುತ್ತಾರೆ. ನಮ್ಮ ಮಾಳಿಗೆಗೆ ಬೆಳಗಿನಿಂದ ಸಂಜೆಯವರೆಗೆ ಬಿಸಿಲು. ಅದಕ್ಕೇ ನಮ್ಮ ಡಬ್ಬಿಯಲ್ಲಿ ಓಣಿಯ ಎಲ್ಲರ ಮನೆಯ ಸಂಡಿಗೆಯೂ ಇರುತ್ತದೆ.

ಸುರೈಯಾ ನಮ್ಮ ಓಣಿಯ ಕೂಸು. ಅವಳು ಕಾಗದ ಪತ್ರ ಏನೂ ಹಿಡಿದುಕೊಂಡು ಬರಲಿಲ್ಲ. ಒಂದು ಬೆಳಿಗ್ಗೆ ನಮ್ಮ ಬಾಗಿಲಲ್ಲಿ ನಿಂತು, "ಸೋನವ್ವಾ, ಓಣಿಗೆಲ್ಲಾ ನಿಮ್ಮ ಬಿಸಲ ಕೊಡ್ತೀರೇನ್ರಿ?" ಅಂದಳು. ಸೌರ ಫಲಕ ಗಿಲಕ ನಮ್ಮ ಮನೆಯ ಮೇಲೆ ಬೇಡವೇ ಬೇಡ ಎಂದು ಮೂರು ಸಂಜೆ ನನ್ನ ತಲೆ ತಿಂದಿದ್ದ ನಿಮ್ಮ ಅವ್ವ, ಇಲ್ಲ ಅನ್ನಲು ತೆರೆದ ಬಾಯನ್ನು ಹಾಗೇ ಮುಚ್ಚಿಕೊಂಡರು. ಆ ಮಾತಿಗೆ ಇಲ್ಲ ಅಂದವರು ನಮ್ಮ ಓಣಿಯಲ್ಲಿ ಯಾರೂ ಇಲ್ಲ. "ಬಾಳ ಶ್ಯಾಣೇಕಿ ಅದಿ ಬಿಡ," ಎಂದು ಗೊಣಗಿ ಒಳಗೆ ಹೋದರು.

ಹಾಗೆ ನಮ್ಮ ಮಾಳಿಗೆಗೆ ಫಲಕಗಳು ಬಂದವು. ಕೆಳಗೆ ಗಾಳಿಯಾಡಲಿ ಎಂದು ಸೊಂಟದೆತ್ತರದ ಕಬ್ಬಿಣದ ಚೌಕಟ್ಟಿನ ಮೇಲೆ ಕೂಡಿಸಿದ್ದಾರೆ. ಸುರೈಯಾ ಸುಣ್ಣದ ಕಡ್ಡಿಯಿಂದ ನೆಲದ ಮೇಲೆ ಗೆರೆ ಎಳೆಯುತ್ತ ಬಂದಳು. ಚಮನಸಾಬರ ಗೋಡೆಯ ಕಡೆಯ ಮೂಲೆಗೆ ಬಂದಾಗ ನಾನು ತಡೆದೆ. "ಅಲ್ಲಿ ಬ್ಯಾಡವಾ, ಚಳಿಗಾಲದಾಗ ನಿಮ್ಮನಿ ನೆಳ್ಳ ಬೀಳ್ತದ," ಅಂದೆ. ಅವಳು ತಮ್ಮ ಗೋಡೆಯನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿ, "ಹೌದ್ರಿ ವೈನಿ, ಬೀಳ್ತದ," ಎಂದು ಗೆರೆ ಅಳಿಸಿದಳು. ಆ ಮೂಲೆಗೆ ಫಲಕ ಬರಲಿಲ್ಲ.

ಇನ್ನು ಪರಸವ್ವನ ಪುರಾಣ ಕೇಳಿ. ಫಲಕಗಳನ್ನು ಜೋಡಿಸಿ, ಪ್ರಯೋಗಕ್ಕೆಂದು ಓಣಿಯ ನೀರಿನ ಪಂಪನ್ನು ಅದಕ್ಕೆ ಹಚ್ಚಿದ್ದರು. ನಾನು ಸಂತೆಗೆ ಹೋಗಿದ್ದೆ. ಹಿಂದಿನ ಓಣಿಯ ಪರಸವ್ವ ಸಂಡಿಗೆ ಹಿಟ್ಟಿನ ಬೋಗುಣಿ ಹೊತ್ತು ಬಂದು ರೂಢಿಯಂತೆ ಬಿಸಿಲು ಕೇಳಿದಳು. "ಕೇಳೂದೇನೈತಿ, ಹತ್ತ ಮ್ಯಾಲ," ಅಂದರಂತೆ ಫಲಕ ಬಂದ ಮೇಲೆ ಒಮ್ಮೆಯೂ ಮಾಳಿಗೆ ಹತ್ತದಿದ್ದ ನಿಮ್ಮ ಅವ್ವ. ಇಬ್ಬರೂ ಮೊಣಕಾಲು ಹಿಡಿದುಕೊಂಡು ಮೇಲೆ ಹೋಗಿ ನೋಡುತ್ತಾರೆ, ಸೊಂಟದೆತ್ತರಕ್ಕೆ, ನುಣ್ಣಗೆ, ಬೆಚ್ಚಗೆ, ಉದ್ದಕ್ಕೂ ಗಾಜಿನ ಮೇಜುಗಳು! ಬಗ್ಗುವ ಕೆಲಸವೇ ಇಲ್ಲ. "ಸಂಡಿಗಿ ಹಾಕಾಕ ಎಷ್ಟ ಚೊಲೋ ಮಾಡ್ಯಾರ ನೋಡ ಯವ್ವಾ!" ಎಂದು ಪರಸವ್ವ ಕಣ್ಣಲ್ಲಿ ನೀರು ತಂದುಕೊಂಡಳಂತೆ. ಸಂಡಿಗೆ ಹಿಡಿದುಕೊಳ್ಳಬಾರದು ನೋಡಿ, ಅದಕ್ಕೆ ಮೊದಲು ಗಾಜಿಗೆಲ್ಲ ಎಣ್ಣೆ ಸವರಿದ್ದಾರೆ. ಆಮೇಲೆ ಸಾಲು ಸಾಲಾಗಿ ಸಂಡಿಗೆ ಇಟ್ಟಿದ್ದಾರೆ.

ಕೆಳಗೆ ಪಂಪು ಕೆಮ್ಮಿ ಕೆಮ್ಮಿ ನಿಂತಿತು. ಸುರೈಯಾ ತಂತಿ ನೋಡಿದಳು, ಪೆಟ್ಟಿಗೆ ಬಿಚ್ಚಿ ನೋಡಿದಳು, ಕಡೆಗೆ ಓಡುತ್ತ ಮೇಲೆ ಹತ್ತಿದಳು. ನಾನು ಸಂತೆಯ ಚೀಲ ಹಿಡಿದು ಅವಳ ಹಿಂದೆಯೇ ಇದ್ದೆ. "ಪರಸವ್ವಾ, ಏನ್ ಮಾಡಾಕತ್ತೀರಿ?" ಎಂದು ಕೂಗಿದಳು. "ಕಣ್ಣ ಕಾಣಸೂದಿಲ್ಲೇನ ಬೇ? ಸಂಡಿಗಿ ಹಾಕಾಕತ್ತೇನಿ. ನಿನಗೂ ಒಂದ ಬೊಗಸಿ ಕೊಡ್ತೇನಿ, ಚೀರಬ್ಯಾಡ," ಅಂದಳು ಪರಸವ್ವ. ಸುರೈಯಾ ಮೆಟ್ಟಿಲ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ಮುಗಿದ ಮೇಲೆ ಅವಳ ಮುಖ ಬಾಡಿತು. ಸಂಡಿಗೆ ಕೀಳಬಹುದು, ಆದರೆ ಎಣ್ಣೆಗೆ ನಮ್ಮೂರ ಧೂಳು ಕೂತರೆ ಬಿಸಿಲು ಒಳಗಿಳಿಯುವುದಿಲ್ಲ. ಬ್ರಷ್ಷಿನಿಂದ ಉಜ್ಜಿದರೆ ಗಾಜಿಗೆ ಗೀರು ಬೀಳುತ್ತದೆ, ಸೋಪಿನ ಪುಡಿ ಹಾಕುವಂತಿಲ್ಲ. ಕಚೇರಿಯ ಮೇಲಿನವರಿಗೆ ಏನು ಹೇಳಲಿ, ಮೊದಲ ಓಣಿಯಲ್ಲೇ ಕೆಟ್ಟಿತು ಅಂದರೆ ಎರಡನೇ ಓಣಿಗೆ ಯಾರು ಒಪ್ಪುತ್ತಾರೆ ಎಂದು ಹಣೆಗೆ ಕೈ ಹಚ್ಚಿ ಕೂತಳು. ಪಾಪ, ನಮ್ಮ ಕೂಸು ಅತ್ತೇಬಿಟ್ಟಾಳು ಅನಿಸಿತು.

ನಿಮ್ಮ ಅವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿದರು. "ಎಣ್ಣಿ ಹಚ್ಚಿದ ಮೈ ಹೆಂಗ ತೊಳೀತೀವಿ? ಕಡ್ಲಿಹಿಟ್ಟ ತರ್ರಿ," ಅಂದರು. ಓಣಿಯ ಹೆಂಗಸರೆಲ್ಲ ಕಡಲೆಹಿಟ್ಟು ಕಲಸಿ, ಹಳೆಯ ಧೋತರದ ಅರಿವೆ ಹಿಡಿದು, ಕೂಸಿಗೆ ಎರೆದಂತೆ ಒಂದೊಂದೇ ಫಲಕಕ್ಕೆ ಎರೆದೆವು. ರಿಜ್ವಾನನ ಹೆಂಡತಿ ಶಬನಮ ಕೆಳಗಿನಿಂದ ಕೊಡ ಏರಿಸಿ ಕೊಡುತ್ತಿದ್ದಳು. ಸಂಜೆಯ ಹೊತ್ತಿಗೆ ಗಾಜಿನೊಳಗೆ ಗೋಳಗುಮ್ಮಟದ ಮೇಲಿನ ಮೋಡ ಕಾಣತೊಡಗಿತು. ಕೆಳಗೆ ಪಂಪು ಸುಮ್ಮನೆ, ಕೆಮ್ಮದೆ, ಓಡಿತು. ಎಲ್ಲರೂ ಒದ್ದೆ ಸೀರೆಯಲ್ಲಿ ನಿಂತು ಟಾಕಿಗೆ ನೀರು ಬೀಳುವುದನ್ನು ಕೇಳಿದೆವು. ನನಗೆ ನಿಮ್ಮ ನೆನಪು ತಡೆಯಲಾರದಷ್ಟು ಬಂತು.

ತೊಳೆದ ಅರಿವೆಯನ್ನು ಹಿಂಡಿದಾಗ ಇಳಿದ ನೀರು ಕಾಡಿಗೆಯ ಬಣ್ಣದ್ದಾಗಿತ್ತು. ಫಲಕ ಬಂದು ಒಂದು ವಾರವೂ ಆಗಿರಲಿಲ್ಲ, ನೀವು ಹೋಗಿ ಎಷ್ಟೋ ದಿನವಾಗಿತ್ತು. ಆ ಹೊಗೆಮಸಿಯಲ್ಲಿ ನಿಮ್ಮದು ಒಂದು ಹನಿಯೂ ಇರಲಿಲ್ಲ. ಗಿರಣಿಯ ಜನರೇಟರಿನದು, ನಮ್ಮೆಲ್ಲರ ನೀರೊಲೆಗಳದು, ಪೇಟೆಯ ಲಾರಿಗಳದು. ಟಾಕಿಯ ಹತ್ತಿರ ನಾನು ಊರ ಹೊಗೆಯನ್ನೆಲ್ಲ ನಿಮ್ಮೊಬ್ಬರ ತಲೆಗೆ ಕಟ್ಟಿದ್ದೆ. ಅಷ್ಟನ್ನು ಒಪ್ಪುತ್ತೇನೆ, ಇನ್ನು ಹೆಚ್ಚು ಕೇಳಬೇಡಿ.

ಈಗ ಫಲಕ ತೊಳೆಯುವುದು ಹೆಂಗಸರ ಪಾಳಿ. ಬೆಳಿಗ್ಗೆ ಗಾಜು ತಣ್ಣಗಿರುವಾಗಲೇ ಮುಗಿಸುತ್ತಾರೆ. ಸುರೈಯಾ ಅಂದುಕೊಂಡದ್ದಕ್ಕಿಂತ ಹೆಚ್ಚು ಕರೆಂಟು ಬರುತ್ತಿದೆಯಂತೆ. ಸಂಡಿಗೆಗೆ ಫಲಕವಿಲ್ಲದ ಆ ಮೂಲೆಯನ್ನಾದರೂ ಕೊಡು ಎಂದು ಪರಸವ್ವ ಕೇಳಿದಳು. ಕೊಡುವುದಿಲ್ಲ ಅಂದುಬಿಟ್ಟೆ. ಓಣಿಯಲ್ಲಿ ಬಿಸಿಲು ಇಲ್ಲ ಅಂದ ಮೊದಲ ಹೆಂಗಸು ನಾನೇ. "ಅಲ್ಲಿ ನೆಳ್ಳ ಬೀಳ್ತದ ಪರಸವ್ವಾ," ಅಂದೆ. "ಯಾವ ನೆಳ್ಳ? ನಿಂತರ ಅಂಗಾಲ ಸುಡಾಕತ್ತಾವ!" ಎಂದು ಕುಣಿದು ತೋರಿಸಿದಳು. "ಚಳಿಗಾಲದಾಗ ಬೀಳ್ತದ," ಅಂದೆ. ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, ಬೋಗುಣಿ ಎತ್ತಿಕೊಂಡು ಚಮನಸಾಬರ ಮಾಳಿಗೆಗೆ ಹೋದಳು. ಎರಡು ದಿನ ನನ್ನೊಡನೆ ಮಾತು ಬಿಟ್ಟಿದ್ದಳು.

ಫಲಕಗಳ ಕೆಳಗಿನ ನೆರಳನ್ನು ನಿಮ್ಮ ಅವ್ವ ಕಂಡುಹಿಡಿದರು. ಅವರ ತವರು ಬಿಜ್ಜರಗಿಯಿಂದ ಸೀಸನ್ನಿನ ಕಡೆಯ ದ್ರಾಕ್ಷಿ ಬಂದಿತ್ತು. ಟಿಕೋಟಾ ಕಡೆ ಒಣದ್ರಾಕ್ಷಿಯನ್ನು ಬಿಸಿಲಿಗೆ ಹಾಕದೆ ನೆರಳಲ್ಲಿ, ಗಾಳಿಗೆ ಒಣಗಿಸುತ್ತಾರಲ್ಲ, ಹಾಗೆ ಫಲಕದ ಕೆಳಗೆ ಬಲೆ ಕಟ್ಟಿ ಹರವಿದರು. ಮೇಲೆ ಕರೆಂಟು, ಕೆಳಗೆ ಒಣದ್ರಾಕ್ಷಿ. ನೀವು ಈಗ ತಿನ್ನುತ್ತಿರುವುದು ಅದೇ. ಗಾಂಧಿ ಚೌಕದ ಕಡೆಯ ಹೆಂಗಸರು ನೋಡಲು ಬಂದಿದ್ದರು. ನೋಡಿ, ತಿಂದು, ತಮ್ಮ ಓಣಿಯಲ್ಲಿ ಯಾರ ಮಾಳಿಗೆಗೆ ಬಿಸಿಲು ಹೆಚ್ಚು ಎಂದು ಅಲ್ಲೇ ಲೆಕ್ಕ ಹಾಕತೊಡಗಿದರು.

ನಿನ್ನೆ ಮಧ್ಯಾಹ್ನ ಆ ಫಲಕದ ನೆರಳಲ್ಲಿ ಸೆರಗು ಹಾಸಿ ಮಲಗಿದ್ದೆ. ಜೊಂಪು ಹತ್ತಿತು. ಕನಸಿನಲ್ಲಿ ನಮ್ಮ ಊರಿನ ಮಾಳಿಗೆಗಳೆಲ್ಲ ಒಂದಕ್ಕೊಂದು ಕೂಡಿಕೊಂಡು ದೊಡ್ಡ ಹೊಲವಾಗಿದ್ದವು. ಗೋಳಗುಮ್ಮಟ ಆ ಹೊಲದ ನಡುವೆ ತಣ್ಣಗೆ ಕೂತಿತ್ತು. ಹೆಂಗಸರೆಲ್ಲ ಸಾಲಾಗಿ ನಿಂತು ಬಿಸಿಲನ್ನು ಜೋಳದಂತೆ ಕೊಯ್ದು ಉಡಿಗೆ ಹಾಕಿಕೊಳ್ಳುತ್ತಿದ್ದರು. ಕೆಳಗೆ ಬೀದಿಗಳಲ್ಲಿ ಹೊಗೆಯಿಲ್ಲ, ಗದ್ದಲವಿಲ್ಲ, ಟಿಕೋಟಾದ ದಾರಿ ಕಣ್ಣಿಗೆ ನಿಚ್ಚಳವಾಗಿ ಕಾಣುತ್ತಿತ್ತು. ನಿಮ್ಮ ಟಂಟಂ ಎಲ್ಲಿಂದಲೋ ಸದ್ದೇ ಇಲ್ಲದೆ ತೇಲಿ ಬಂತು. ನಮ್ಮ ಬಾಗಿಲಲ್ಲಿ ನಿಂತಿತು, ನೀವು ಇಳಿದಿರಿ, ಸ್ವಲ್ಪ ಹೊತ್ತು ಕಾದಿರಿ, ಮತ್ತೆ ಹತ್ತಿ ಹೋದಿರಿ. ನಾನು ಮೇಲೆಯೇ ಕೊಯ್ಯುತ್ತಿದ್ದೆ. ನೀವು ಬಂದದ್ದು ನನಗೆ ಗೊತ್ತೇ ಆಗಲಿಲ್ಲ. ಗೊತ್ತಾಗಲಿಲ್ಲ ಎಂಬುದು ಕನಸಿನಲ್ಲಿಯೇ ಗೊತ್ತಾಗಿ ಎದ್ದು ಕೂತೆ.

ಇಷ್ಟು ವರ್ಷ ನಿಮ್ಮ ಗಾಡಿ ಟಾಕಿಯ ತಿರುವಿಗೆ ಬಂದಾಗಲೇ ಅದರ ಬಡಬಡ ಸದ್ದು ಕೇಳಿ ಚಹಾಕ್ಕೆ ನೀರಿಡುತ್ತಿದ್ದೆ. ನೀವು ಒಳಗೆ ಬರುವ ಹೊತ್ತಿಗೆ ಕುದಿಯುತ್ತಿತ್ತು. ಹೊಗೆಯನ್ನು ಬೈದಷ್ಟು ದಿನವೂ ಆ ಸದ್ದಿಗೆ ಕಿವಿ ಕೊಟ್ಟಿದ್ದೆ. ರಿಜ್ವಾನನ ಟಂಟಂ ಈಗ ಬ್ಯಾಟರಿಯದು, ನಿಮಗೆ ಗೊತ್ತಿರಬೇಕು. ಗಾಡಿ ಅದೇ, ಬಣ್ಣ ಅದೇ, ಇಂಜಿನ್ ತೆಗೆದು ಮೋಟರು ಕೂಡಿಸಿದ್ದಾರೆ. ಅವನು ದೆವ್ವದ ಹಾಗೆ ಸದ್ದಿಲ್ಲದೆ ಬಂದು ಅಡುಗೆಮನೆಯಲ್ಲಿ ನಿಲ್ಲುತ್ತಾನೆ ಎಂದು ಶಬನಮ ಬೈದು ಬೈದು ಸಾಕಾಗಿ ಗಾಡಿಗೆ ಗೆಜ್ಜೆ ಕಟ್ಟಿದ್ದಾಳೆ. ಅದನ್ನು ನೋಡಿ ನಾನು ಅಟ್ಟ ಹತ್ತಿದೆ. ಮಾವನವರು ಕುದುರೆ ಮಾರಿದಾಗ ಮಾರದೆ ಇಟ್ಟುಕೊಂಡ ಕೊರಳ ಗೆಜ್ಜೆಸರ ಅಲ್ಲಿತ್ತು. ಹುಣಸೆಹಣ್ಣು ಹಚ್ಚಿ ತಿಕ್ಕಿದ್ದೇನೆ. ಒಮ್ಮೆ ಅಲ್ಲಾಡಿಸಿದೆ. ಒಳಗಿನಿಂದ ನಿಮ್ಮ ಅವ್ವ, "ಯಾರು, ಅವರು ಬಂದ್ರೇನ?" ಅಂದರು. ಎಂದೋ ತೀರಿಹೋದ ಮಾವನವರ ಗೆಜ್ಜೆಸರವನ್ನು ಒಯ್ದು ನಿಮ್ಮ ಅವ್ವನ ಉಡಿಯಲ್ಲಿಟ್ಟೆ.

ನಿಮ್ಮ ಕಿವಿಯ ಮಾತನ್ನು ಸುರೈಯಾಗೆ ಹೇಳಿದೆ. "ಮೋಟರಿಗೂ ಸಪ್ಪಳ ಇರ್ತದ್ರಿ ವೈನಿ, ಸಣ್ಣದು. ಕೆಟ್ಟರ ಮೊದಲ ಕಿವಿಗೇ ಗೊತ್ತಾಗೂದು. ಅದನ್ನ ಕೇಳಾವ್ರು ನಮಗ ಯಾರೂ ಸಿಕ್ಕಿಲ್ಲ. ಅಜಿತಣ್ಣಗ ಬರಾಕ ಹೇಳ್ರಿ," ಅಂದಳು. ನಾನು ಹೇಳಿಕೊಟ್ಟದ್ದಲ್ಲ, ಅವಳೇ ಅಂದದ್ದು. ನಮ್ಮ ಪೇಟೆಯ ಸ್ಟ್ಯಾಂಡಿನ ಟಂಟಂದವರೂ ನಿಮ್ಮ ದಾರಿಯನ್ನೇ ಕಾಯುತ್ತಿದ್ದಾರೆ. ಅಜಿತಣ್ಣ ಬದಲಾಯಿಸಿದರೆ ನಾವೂ ಬದಲಾಯಿಸುತ್ತೇವೆ ಅನ್ನುತ್ತಾರೆ. ರಿಜ್ವಾನನೊಬ್ಬನನ್ನು ನೋಡಿ ಅವರು ನಂಬುವುದಿಲ್ಲ. ಆದರೆ ಊರಿಗೋಸ್ಕರ ಬನ್ನಿ ಎಂದು ನಾನು ಕರೆಯುತ್ತಿಲ್ಲ. ಊರು ತನ್ನ ದಾರಿ ಹುಡುಕಿಕೊಳ್ಳುತ್ತದೆ. ನನಗೆ ನೀವು ಬೇಕು, ಅದಕ್ಕೆ ಕರೆಯುತ್ತಿದ್ದೇನೆ.

ಗುರುವಾರ ಬುದ್ಧ ಪೂರ್ಣಿಮೆ. ಸಂಜೆ ಓಣಿಯ ದೀಪಗಳನ್ನು ಮೊದಲ ಸಲ ನಮ್ಮ ಮಾಳಿಗೆಯ ಬಿಸಿಲಿನಿಂದ ಹಚ್ಚುತ್ತಾರೆ. ಖೀರು ಮಾಡುತ್ತೇನೆ, ನಿಮ್ಮ ಬಿಳಿ ಅಂಗಿ ಒಗೆದು ಇಟ್ಟಿದ್ದೇನೆ. ಹೊಗೆಯ ಗಾಡಿಯಲ್ಲೇ ಬನ್ನಿ, ಪರವಾಗಿಲ್ಲ. ಈ ಒಂದು ಸಲ ಅದು ಎಷ್ಟು ಬೇಕಾದರೂ ಬಡಬಡಿಸಲಿ. ನಾನು ಟಾಕಿಯ ತಿರುವಿಗೆ ಕಿವಿ ಇಟ್ಟಿರುತ್ತೇನೆ.

ಬಾಯಿ ಜೋರಿದ್ದರೂ ನಿಮ್ಮವಳೇ ಆದ,
ಗೌತಮಿ

ತಾ.ಕ.: ಚಮನಸಾಬರ ಮನೆ ನಮ್ಮ ಮನೆಯ ಉತ್ತರಕ್ಕಿದೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕಿರುತ್ತಾನೆ. ಅವರ ಮನೆಯ ನೆರಳು ನಮ್ಮ ಮಾಳಿಗೆಗೆ ಬೀಳುವ ಮಾತೇ ಇಲ್ಲ. ಅದು ನಿಮಗೂ ಗೊತ್ತು, ಆ ಮನೆಯಲ್ಲೇ ಬೆಳೆದ ಸುರೈಯಾಗೂ ಗೊತ್ತು. ಆ ಮೂಲೆಯಲ್ಲಿ ನಾವಿಬ್ಬರೂ ಮಲಗುವ ಹೊರಸು ಇದೆ. ಫಲಕದ ಕೆಳಗೆ ಸರಿಸಿದರೆ ಮಲಗಿದಾಗ ಚುಕ್ಕೆ ಕಾಣುವುದಿಲ್ಲ, ಅದಕ್ಕೆ ಸರಿಸಲಿಲ್ಲ. ಅದರ ಹಗ್ಗ ಜೋತುಬಿದ್ದಿದೆ. ಬಿಗಿಯೋಣವೆಂದು ಕೂತೆ, ಒಬ್ಬಳಿಂದ ಆಗಲಿಲ್ಲ. ಒಬ್ಬರು ಎಳೆಯುವಾಗ ಇನ್ನೊಬ್ಬರು ಹಿಡಿದುಕೊಂಡಿರಬೇಕು.